ಕಾಲಿಗೆ ಪೆಡಲು, ಬಾಯಿಗೆ ಲೆಕ್ಕ

ಕಿರ್ ಅನ್ನುತ್ತಿದೆ ಎಡಗಡೆಯ ಪೆಡಲು, ಗ್ರೀಸ್ ಕಂಡು ಎಷ್ಟು ದಿನವಾಯಿತೋ, ನನ್ನ ಕೈಗೆ ಸಿಕ್ಕಿದ್ದರೆ ಎರಡು ನಿಮಿಷದ ಕೆಲಸ, ಆದರೆ ಎಡಗೈಯಲ್ಲಿ ಎರಡು ಸೂಜಿ, ಒಂದರಿಂದ ರಕ್ತ ಹೊರಟು ಡಯಾಲಿಸಿಸ್ ಮಷೀನಿನಲ್ಲಿ ಸ್ನಾನ ಮಾಡಿ ಇನ್ನೊಂದರಿಂದ ಮನೆಗೆ ಬರುತ್ತಿದೆ, ನಾಲ್ಕು ಗಂಟೆ ಆ ಕೈ ಅಲುಗಾಡಿಸುವಂತಿಲ್ಲ, ಕಾಲು ಮಾತ್ರ ನನ್ನದು — ಮಲಗಿದಲ್ಲೇ ಸೈಕಲ್ ಹೊಡೆಯುವ ಭಾಗ್ಯ ಎಷ್ಟು ಜನಕ್ಕುಂಟು, ಪೀಣ್ಯದ ಧೂಳಿಲ್ಲ, ಲಾರಿಯವನ ಬೈಗುಳವಿಲ್ಲ, ಟೈರೂ ಸವೆಯುವುದಿಲ್ಲ — ಆಂಜಿನಪ್ಪನವ್ರೇ, ಕಾಲೂ ನಿಲ್ಬಾರ್ದು, ಬಾಯೂ ನಿಲ್ಬಾರ್ದು, ನೂರರಿಂದ ಏಳೇಳು ಕಳೀತಾ ಬನ್ನಿ, ಇದು ವ್ಯಾಯಾಮ ಮಾಡಿಸುವ ಉಮಾಶ್ರೀ ಮೇಡಂ, ವಯಸ್ಸು ನನ್ನ ಮಗಳಷ್ಟು, ಜೋರು ಹೆಡ್ಮಾಸ್ತರಷ್ಟು. ನೂರು, ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಅಲ್ಲಿಗೆ ಬರುವಾಗ ಕಾಲು ನಿಂತಿರುತ್ತದೆ, ಕಾಲು ನೆನಪಾಗುವಷ್ಟರಲ್ಲಿ ಲೆಕ್ಕ ಓಡಿಹೋಗಿರುತ್ತದೆ, ಎರಡೂ ಒಟ್ಟಿಗೆ ನಡೆಯಬೇಕಂತೆ, ಆಗ ಕಿಡ್ನಿ ಕೆಟ್ಟಾಗಿನಿಂದ ಹಿಡಿದ ತಲೆಯ ಮಂಕು ಸರಿಯುತ್ತದಂತೆ — ಎಪ್ಪತ್ತೆರಡು ಕಣಣ್ಣೋ, ಇಂಗೆ ನಿಂತ್ಕಂಡ್ರೆ ಸೈಕ್ಲು ಪೀಣ್ಯ ಸೇರೋದ್ಯಾವಾಗ, ಇದು ಪಕ್ಕದ ಹಾಸಿಗೆಯ ಗಂಗಮ್ಮ, ಹೂವಿನ ವ್ಯಾಪಾರದವಳು, ಶಾಲೆಯ ಕಟ್ಟೆ ಹತ್ತಿದವಳಲ್ಲ, ಲೆಕ್ಕದಲ್ಲಿ ನನ್ನನ್ನು ದಿನಾ ಮುಗಿಸುತ್ತಾಳೆ.

ನಗುತ್ತೇನೆ, ಆದರೆ ಮಂಕು ನನಗೆ ತಮಾಷೆಯಲ್ಲ, ಹದಿನೆಂಟು ವರ್ಷ ಕಬ್ಬಿಣ ಕಡೆಯುವ ಲೇತ್ ಮಷೀನಿನ ಮುಂದೆ ನಿಂತವನು ನಾನು, ಬೋಲ್ಟಿಗೆ ಸುರುಳಿ ಥ್ರೆಡ್ ಹೊಡೆಯುವ ಮುಂಚೆ ಪಕ್ಕದಲ್ಲಿ ಹಲ್ಲಿನ ಚಕ್ರ ಎರಡು ಕೂರಿಸಬೇಕು, ಮೇಲೆ ಇಪ್ಪತ್ತು ಹಲ್ಲಿನದು, ಕೆಳಗೆ ಎಂಬತ್ತರದು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ, ಆ ದಿನ ಮಾತ್ರ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿಬಿಟ್ಟೆ, ಥ್ರೆಡ್ ಕೊರೆಯುವ ಟೂಲು ದಡಬಡ ಓಡಿ, ಮುರಿದು, ಪಕ್ಕದ ಮಷೀನಿನ ನರೇಶನ ಕಿವಿಯ ಹತ್ತಿರವೇ ಹಾರಿತು — ನಮ್ಮ ಶೆಡ್ಡಿನ ಸಾಹುಕಾರ್ ಸಿದ್ದರಾಮಪ್ಪನವರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು, ಸ್ವಲ್ಪ ದಿನ ಗೇಟ್ ಹತ್ರ ಕುತ್ಗೋಳಪ್ಪಾ, ತಲಿ ಸರಿಹೋದ ದಿನ ಬಾ, ಅಂದರು, ಕುರ್ಚಿಯನ್ನೂ ಹಾಕಿಸಿಕೊಟ್ಟರು, ಐದು ತಿಂಗಳಿಂದ ಒಳಗೆ ನರೇಶ ಓಡಿಸುವ ನನ್ನ ಮಷೀನಿನ ಸದ್ದನ್ನು ಹೊರಗೆ ಕೂತು ಕೇಳುತ್ತಿದ್ದೇನೆ, ಅಳು ಬರುತ್ತದೆ, ನಿಜ. ಅದಕ್ಕೇ ಮೇಡಂಗೆ ಹೇಳಿದೆ, ಈ ಏಳೇಳು ಬಿಡಿ, ನನ್ನ ಚಕ್ರದ ಲೆಕ್ಕ ಕೇಳಿ, ಪಾಪ, ಆ ಹುಡುಗಿ ನರೇಶನಿಂದ ಚಕ್ರದ ಲೆಕ್ಕಗಳ ಚೀಟಿ ಬರೆಸಿಕೊಂಡು ಬಂದು ಕೇಳಿತು, ಗಂಗಮ್ಮನೂ ಕಲಿತಳು, ಮುಂದೊಂದು ದಿನ ನನಗಿಂತ ಮುಂಚೆ ಅವಳಿಗೇ ಲೇತ್ ಕೊಡುತ್ತಾರೆ.

ಬಾಗಿಲಲ್ಲಿ ಯಾರು, ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಎರಡು ಕೈಯಲ್ಲೂ ಎಳನೀರು — ಸಾಹುಕಾರ್ರೇ! ಏಳಲು ಹೋದೆ, ಕೈ ಕೈ ಎಂದು ಮೇಡಂ ಕೂಗಿದರು, ಎಳನೀರಾ ಸಾಮಿ, ಅದ ಕುಡುದ್ರೆ ಕಿಡ್ನಿ ಕೆಟ್ಟ ನಾವು ಸೀದಾ ಮೇಲಕ್ಕೇ ಓಯ್ತೀವಿ, ಇದು ಗಂಗಮ್ಮ, ಸಾಹುಕಾರರಿಗೆ ನಾಚಿಕೆ, ಕಾಯಿಗಳನ್ನು ಎಲ್ಲಿಡುವುದು ತಿಳಿಯದೆ ಕಂಕುಳಲ್ಲಿ ಅವುಚಿಕೊಂಡು ನಿಂತರು, ನನ್ನ ಕಾಲನ್ನೇ ನೋಡಿದರು, ಆಮೇಲೆ, ಎರಡೂವರೆ ಎಂಎಂ ಥ್ರೆಡ್ಡಿಗೆ ಯಾವ ಚಕ್ರ ಹಾಕ್ತೀಯಪ್ಪಾ ಆಂಜಿನಪ್ಪಾ? — ಇದು ಚೀಟಿಯಲ್ಲಿ ಇರಲಿಲ್ಲ, ಗಂಗಮ್ಮನಿಗೂ ಬರುವುದಿಲ್ಲ, ಪೆಡಲು ತಿರುಗಿಸು, ನಿಲ್ಲಿಸಬೇಡ, ಟೂಲನ್ನು ಓಡಿಸುವ ನಮ್ಮ ಮಷೀನಿನ ಉದ್ದ ಸ್ಕ್ರೂ ಆರು ಎಂಎಂದು, ಆರಕ್ಕೆ ಎರಡೂವರೆ, ಅಂದರೆ ಅರವತ್ತಕ್ಕೆ ಇಪ್ಪತ್ತೈದು, ಇಪ್ಪತ್ತೈದರ ಚಕ್ರ ನಮ್ಮಲ್ಲಿಲ್ಲ, ಎರಡನ್ನೂ ದುಪ್ಪಟ್ಟು ಮಾಡು, ಯಾವುದು ಮೇಲೆ, ಯಾವುದು ಮೇಲೆ — ಐವತ್ತು ಮೇಲೆ, ನೂರಿಪ್ಪತ್ತು ಕೆಳಗೆ, ಸಾರ್. ಕಾಲು ನಿಂತಿಲ್ಲ, ನೋಡಿಕೊಂಡೆ, ನಿಂತೇ ಇಲ್ಲ. ಮೇಡಂ ಚಪ್ಪಾಳೆ ತಟ್ಟುತ್ತಿದ್ದಾರೆ, ಸಾಹುಕಾರರು ಪ್ಯಾಂಟಿನ ಜೇಬಿಗೆ ಕೈ ಹಾಕಿ ಅದನ್ನು ತೆಗೆದರು, ಹಾಸಿಗೆಯ ಮೇಲೆ ಇಟ್ಟರು, ಸೋಮವಾರ ಬಾ, ಎಂದು ಎಳನೀರಿನ ಸಮೇತ ಹೊರಟೇಹೋದರು — ಚಕ್ ಕೀ, ಕೆಲಸದ ತುಂಡನ್ನು ಮಷೀನಿಗೆ ಬಿಗಿಯುವ ಕೀ, ನಮ್ಮ ಶೆಡ್ಡಿನಲ್ಲಿ ಅದು ಯಾರ ಕೈಯಲ್ಲಿದೆಯೋ ಮಷೀನು ಅವರದು, ಬೇರೆ ಯಾರೂ ಮುಟ್ಟುವುದಿಲ್ಲ, ಅಂದರೆ ನರೇಶನೂ ಮುಟ್ಟುವುದಿಲ್ಲ, ಅಂದರೆ ನನ್ನದು, ಬಲಗೈಗೆ ಒಂದು ಗೇಣು ದೂರ, ಬಲಗೈಗೆ ಸೂಜಿಯಿಲ್ಲ, ಎತ್ತಿಕೊಳ್ಳಬಹುದು, ಎತ್ತಿಕೊಳ್ಳಲಾಗುತ್ತಿಲ್ಲ, ಬಿಳಿ ಹೊದಿಕೆಗೆ ಎಣ್ಣೆ ಇಳಿಯುತ್ತಿದೆ, ಸಿಸ್ಟರ್ ಬೈಯುತ್ತಾರೆ, ಬೈಯಲಿ, ಕೀ, ಅದರ ಸುತ್ತ ಎಣ್ಣೆ, ಬಿಳಿ ಬಟ್ಟೆಯ ಮೇಲೆ ಕೀ, ಕೀ —