ನಿಚ್ಚಣಿಕೆಯ ಎರಡು ತುದಿ

ಒಂದಾನೊಂದು ಊರು, ಆ ಊರಲ್ಲಿ ಒಬ್ಬ ದಪ್ಪನೆಯವ, ಒಬ್ಬ ಸಣಕಲ, ಇಬ್ಬರಿಗೂ ಸೇರಿ ಇದ್ದದ್ದು ಒಂದೇ ನಿಚ್ಚಣಿಕೆ — ಹೀಗೇ ಅಲ್ಲವೇ ಶುರುವಾಗಬೇಕಾದದ್ದು, ಅಂದುಕೊಂಡಳು ಶಂಕ್ರೆವ್ವ, ತಲೆಯ ಮೇಲಿಂದ ಹಾದುಹೋಗುವ ಬೆಳಕಿನ ಕೋಲನ್ನು ನೋಡುತ್ತ, ಆ ಕೋಲಿನೊಳಗೆ ಧೂಳು ಜರಡಿಯಿಂದ ಉದುರುವ ಜೋಳದ ಹಿಟ್ಟಿನ ಹಾಗೆ ತೇಲುತ್ತಿತ್ತು, ಆ ಹಿಟ್ಟಿನಿಂದಲೇ ಮೂಡಿಬಂದವರಂತೆ ಇಬ್ಬರು ಎದುರಿನ ಪರದೆಯ ಮೇಲೆ ನಿಂತಿದ್ದರು, ನಿಚ್ಚಣಿಕೆಯ ಈ ತುದಿಗೊಬ್ಬ, ಆ ತುದಿಗೊಬ್ಬ, ನಡುವೆ ಒಂದು ಬಾಗಿಲು, ನಿಚ್ಚಣಿಕೆ ಅಡ್ಡಲಾಗಿ ಸಿಕ್ಕಿಬಿದ್ದಿದೆ, ಒಳಗೆ ಹೋಗದು, ಹೊರಗೂ ಬಾರದು, ಒಬ್ಬ ಎಳೆದರೆ ಇನ್ನೊಬ್ಬ ಮೂಗು ಜಜ್ಜಿಕೊಳ್ಳುತ್ತಾನೆ — ತಗಡಿನ ಛಾವಣಿಯೇ ಹಾರಿಹೋಗುವಂತೆ ಹೆಂಗಸರು ನಗುತ್ತಿದ್ದರು, ವಿಜಾಪುರದ ಪೇಟೆಯ ಈ ಥಿಯೇಟರಿನಲ್ಲಿ ಬುಧವಾರ ಮೂರು ಗಂಟೆಯ ಆಟ ಬರೀ ಹೆಣ್ಣುಮಕ್ಕಳಿಗೆ, ಕಿಟಕಿಗೆಲ್ಲ ಕರಿ ಅರಿವೆ, ಬಾಗಿಲಿಗೆ ಕಂಬಳಿ, ಬದನೆಕಾಯಿ ಮಾರುವ ರಾಚವ್ವನೂ ಇದ್ದಾಳೆ, ಸಾಹೇಬರ ಹೆಂಡತಿಯೂ ಇದ್ದಾಳೆ, ಇಬ್ಬರೂ ಒಂದೇ ಸಲ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಾರೆ, ಪರದೆಯ ಮೇಲಿನವರ ಇಂಗ್ಲಿಷು ಯಾರಿಗೆ ಬೇಕು, ಮೂಗು ಜಜ್ಜಿಕೊಳ್ಳುವುದಕ್ಕೆ ಭಾಷೆ ಎಲ್ಲಿದೆ, ಆದರೆ ಆಯಿ ನಗುತ್ತಿದ್ದಾಳೋ ಇಲ್ಲವೋ, ಕತ್ತಲಲ್ಲಿ ಕಾಣುತ್ತಿಲ್ಲ, ಎಡಕ್ಕೆ ಆಯಿಯ ದಪ್ಪ ತೋಳು ತನ್ನ ತೋಳಿಗೆ ಒತ್ತಿದೆ, ಬೆಚ್ಚಗೆ, ಅಲುಗಾಡದೆ, ಬಲಕ್ಕೆ ಇನ್ನೊಂದು ತೋಳು, ಸಣ್ಣದು, ಬುರ್ಖಾದೊಳಗೆ ಒಣ ಕಡ್ಡಿಯಂಥದು, ಅದು ಯಾರದೆಂದು ಆಯಿಗೆ ಗೊತ್ತಿಲ್ಲ, ಶಿವನೇ, ಮಧ್ಯಂತರಕ್ಕೆ ದೀಪ ಹತ್ತಿದರೆ ಗೊತ್ತಾಗುತ್ತದೆ, ಆಮೇಲೆ?

ಆಮೇಲೆ ಏನು ಎಂದು ಶಂಕ್ರೆವ್ವ ಯೋಚಿಸಿಯೇ ಇರಲಿಲ್ಲ, ಅದೇ ಅವಳ ಗುಣ, ಕನಸು ಅರ್ಧಕ್ಕೆ ಬರುವವರೆಗೆ ಕುದುರೆಯ ಓಟ, ಉಳಿದರ್ಧ ನೆನಪಾದಾಗ ಎದೆ ಡವಡವ, ಕಳೆದ ಬುಧವಾರ ಪಕ್ಕದ ಮನೆಯ ಗೌರಾಬಾಯಿಯ ಜೊತೆ ಇದೇ ಆಟಕ್ಕೆ ಬಂದಿದ್ದಳು, ಇವರಿಬ್ಬರನ್ನು ನೋಡಿದ ಗಳಿಗೆಯಲ್ಲೇ ಮೈ ಜುಂ ಎಂದಿತ್ತು, ಇವರು ನಮ್ಮವರು, ಟೋಪಿ ಹಾಕಿದ್ದಾರಷ್ಟೇ, ಇವರು ಟಿಕೋಟದ ನಮ್ಮ ಓಣಿಯವರು, ದಪ್ಪನೆಯವಳು ನಮ್ಮ ಆಯಿ, ಅಪ್ಪನ ತಾಯಿ ಗುರುಬಸವ್ವ, ಸಣಕಲಿ ಗೋಡೆಯಾಚೆಯ ರೋಶನಬಿ, ಎರಡು ಮನೆ, ಎರಡು ಮಣ್ಣಿನ ಮಾಳಿಗೆ, ಏರುವುದಕ್ಕೆ ಒಂದೇ ನಿಚ್ಚಣಿಕೆ, ನಲವತ್ತು ವರ್ಷ, ಸಂಜೆಯಾದರೆ ಆಯಿ ಅಂಗಳದಲ್ಲಿ ಕಾಲು ಚಾಚಿ ಕಥೆ ಶುರುಮಾಡುವಳು, ಒಬ್ಬ ರಾಜ ಇದ್ನಂತ, ಗೋಡೆಯಾಚೆಯಿಂದ ರೋಶನಬಿ, ಹೂಂ, ಅವನಿಗೆ ಏಳು ಮಂದಿ ಹೆಂಡರಂತ, ಹೂಂ, ಹೂಂ ಅನ್ನುವವರಿಲ್ಲದೆ ಕಥೆ ನಡೆಯುವುದಿಲ್ಲ ಎಂಬುದು ಆಯಿಯ ಕಟ್ಟಳೆ, ಕಥಿ ಅಂದ್ರ ಎತ್ತಿದ್ದಂಗ ಬೇ, ಹೂಂ ಅನ್ನೋದು ಅದಕ್ಕ ಹೊಟ್ಟು ಹಾಕಿದಂಗ, ಮಕ್ಕಳು ಕೇಳುತ್ತ ಕೇಳುತ್ತ ನಿದ್ದೆಹೋದರೂ ಗೋಡೆಯಾಚೆಯ ಹೂಂ ನಿದ್ದೆಹೋಗುತ್ತಿರಲಿಲ್ಲ, ಕಥೆ ಮುಗಿಯುತ್ತಿತ್ತು, ಮೊದಲ ಸಲ ಕೇಳುವಾಗಿನ ಹಾಗೆಯೇ ನೂರನೆಯ ಸಲವೂ ರೋಶನಬಿ ಮುಂದೇನಾತು ಎಂದು ಕೇಳುತ್ತಿದ್ದಳು, ಗೊತ್ತಿದ್ದೂ ಕೇಳುತ್ತಿದ್ದಳು, ಈಗ ಶಂಕ್ರೆವ್ವನೂ ಹಾಗೇ ಕೂತಿದ್ದಾಳೆ, ದಪ್ಪನೆಯವ ಇನ್ನು ಸುಣ್ಣದ ಬಕೀಟಿಗೆ ಕಾಲಿಡುತ್ತಾನೆ ಎಂದು ಗೊತ್ತು, ಇಡಲಿ, ಇಡಲಿ ಎಂದು ಹೊಟ್ಟೆಯೊಳಗೆ ನಗು ಮೊದಲೇ ಎದ್ದುನಿಂತಿದೆ — ಇಟ್ಟ! ಬಕೀಟು ಕಾಲಿಗೆ ಕಚ್ಚಿಕೊಂಡಿತು, ಸಣಕಲ ಅದನ್ನು ಬಿಡಿಸಲು ಹೋಗಿ ತನ್ನ ಕೈಯನ್ನೂ ಅದರೊಳಗೆ ಸಿಕ್ಕಿಸಿಕೊಂಡ, ಇಬ್ಬರೂ ಒಂದೇ ಬಕೀಟಿನಲ್ಲಿ.

ಎಡತೋಳು ಅಲುಗಿತು, ಅಲುಗಿತಲ್ಲ? ಇಲ್ಲ, ಆಯಿ ಸೆರಗು ಸರಿಮಾಡಿಕೊಂಡಳು, ಬರುವಾಗ ಟಾಂಗಾದಲ್ಲಿ ಎಷ್ಟು ರಗಳೆ, ಹಗಲಿನ್ಯಾಗ ಕಥಿ ಕೇಳಬಾರದು ಬೇ, ಸೋದರಮಾವ ದಾರಿ ತಪ್ತಾನ, ನನಗ ಸೋದರಮಾವ ಇಲ್ಲಲ್ಲ ಆಯಿ, ನಿನಗಿಲ್ಲ ಖರೆ, ಆಟ ನೋಡಾಕ ಬರೋ ಮುನ್ನೂರು ಮಂದಿಗಿ ಎಷ್ಟ ಮಾವಗೋಳು ಅದಾರೋ, ಎಲ್ಲಾರೂ ಇವತ್ತ ಅಡವಿ ಪಾಲು, ಟಾಂಗಾದವನೂ ನಕ್ಕಿದ್ದ, ಆಯಿ ಮಾತ್ರ ನಗಲಿಲ್ಲ, ಆಯಿ ನಕ್ಕು ಎಂಟು ತಿಂಗಳಾಯಿತು, ಕಥೆ ಹೇಳಿಯೂ ಎಂಟು ತಿಂಗಳು, ಆ ಶಾವಿಗೆಯ ದಿನದಿಂದ, ಬಿಸಿಲು ಸುಡುತ್ತಿತ್ತು, ಮಾಳಿಗೆಯ ಮೇಲೆ ಶಾವಿಗೆ ಒಣಗಹಾಕಲು ಆಯಿ ಮೊರ ಹೊತ್ತು ನಿಚ್ಚಣಿಕೆ ಏರುತ್ತಿದ್ದಳು, ಕೆಳಗೆ ರೋಶನಬಿ ಹಿಡಿದಿದ್ದಳು, ಅಷ್ಟರಲ್ಲಿ ಹುಚ್ಚವ್ವನ ಆಡು ಬಂದು ಅಂಗಳದ ಶಾವಿಗೆಗೆ ಬಾಯಿ ಹಾಕಿತು, ಹಾಯ್ ಹಾಯ್ ಎಂದು ರೋಶನಬಿ ಎರಡೂ ಕೈ ಬಿಟ್ಟು ಓಡಿದಳು, ಹಿಂದೆ ನಿಚ್ಚಣಿಕೆ ಜಾರಿತು, ಶಾವಿಗೆ ಮುಗಿಲಿಗೆ, ಆಯಿ ಸಗಣಿಯ ಗುಡ್ಡೆಗೆ, ಮೆತ್ತಗೆ, ಒಂದು ಬಳೆಯೂ ಒಡೆಯಲಿಲ್ಲ, ಓಣಿ ಓಣಿಯೇ ನಕ್ಕಿತು, ಅದನ್ನೆಲ್ಲ ಆಯಿ ತಡೆದುಕೊಂಡಳು, ತಿರುಗಿ ನೋಡಿದರೆ ಆಡಿನ ಕಿವಿ ಹಿಡಿದುಕೊಂಡೇ ರೋಶನಬಿಯೂ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಂತೆ — ಬಿದ್ದದ್ದು ನೋವಾಗಲಿಲ್ಲ ರೋಶನ, ನೀ ನಕ್ಕದ್ದು ನೋವಾತು, ಅಷ್ಟೇ, ಒಂದೇ ಮಾತು, ಮರುವಾರ ಗಂಟು ಕಟ್ಟಿಕೊಂಡು ವಿಜಾಪುರಕ್ಕೆ ಮಗನ ಮನೆಗೆ, ಕಥಿ ಹೇಳ ಆಯಿ ಎಂದು ಕಾಡಿದರೆ, ಯಾರ ಹೂಂ ಅಂತಾರ? ನಾ ಅಂತೀನಲ್ಲ, ನಿಂದು ಎಳೇ ಹೂಂ ಬೇ, ಅದರಾಗ ಕಸುವಿಲ್ಲ.

ಗಂಟು ಕಟ್ಟಿದ ಆ ದಿನ ಬಂಡಿಯ ಹಿಂದೆ ಊರ ಅಗಸಿ ಬಾಗಿಲವರೆಗೂ ರೋಶನಬಿ ಬಂದಿದ್ದಳು, ಆಯಿ ಮುಂದೆ ಮುಖ ಮಾಡಿ ಕೂತಿದ್ದಳು, ಬಂಡಿಯ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದ, ಆಯಿಯ ಜೊತೆಗೇ ಅಪ್ಪನ ಮನೆಗೆ ಹೊರಟಿದ್ದ ಶಂಕ್ರೆವ್ವನ ಪಾದವನ್ನು ಮುಟ್ಟಿ ರೋಶನಬಿ ಅಂದಳು, ಕಥಿ ಅರ್ಧಕ್ಕ ನಿಂತೈತಿ ಬೇ ಮಗಳ, ಏಳನೇ ಹೆಂಡತಿ ಭಾವ್ಯಾಗ ಅದಾಳ, ಆಕೀನ ಯಾರ ಮ್ಯಾಲೆ ತಗೀಬೇಕು, ಶಂಕ್ರೆವ್ವ ಮಾತು ಕೊಟ್ಟಿದ್ದಳು, ನಾ ಮದಿವಿ ಆಗಿ ಬಬಲೇಶ್ವರಕ್ಕ ಹೋಗೂದರಾಗ ನಿಮ್ಮಿಬ್ಬರನ್ನ ಕೂಡಸ್ತೀನಿ, ನಿನ್ನಾಣಿ, ಆಣೆ ಹಾಕುವುದು ಎಷ್ಟು ಸುಲಭ, ಈಗ ಮದುವೆಗೆ ಹನ್ನೊಂದು ದಿನ, ಈ ಆಟವೂ ನಾಳೆ ಸೊಲ್ಲಾಪುರಕ್ಕೆ ಹೋಗುತ್ತದೆ, ಅದಕ್ಕೇ ರೋಶನಬಿಯ ಸೊಸೆ ಸಬೀರಾಗೆ ಹೇಳಿಕಳಿಸಿದ್ದು, ಅದಕ್ಕೇ ಇದ್ದಲಿನ ಹೊಗೆ ಉಗುಳುವ ಮೋಟಾರು ಹತ್ತಿ ಅತ್ತೆ ಸೊಸೆ ಟಿಕೋಟದಿಂದ ಬಂದದ್ದು, ದೀಪ ಆರಿದ ಮೇಲೆಯೇ ಒಳಗೆ ಬರ್ರಿ ಎಂದು ಸಬೀರಾಗೆ ಮೂರು ಸಲ ತಿಳಿಹೇಳಿದ್ದಾಯಿತು, ರೋಶನಬಿಗೂ ಏನೂ ಗೊತ್ತಿಲ್ಲ, ಶಂಕ್ರಿ ಆಟ ತೋರಸ್ತಾಳಂತ ಎಂದಷ್ಟೇ ಗೊತ್ತು, ಯಪ್ಪಾ ಯಪ್ಪಾ, ಎರಡೂ ತೋಳುಗಳ ನಡುವೆ ತಾನೀಗ ಬೀಸುಕಲ್ಲಿನ ಕಾಳು — ಪರದೆಯ ಮೇಲೆ ದಪ್ಪನೆಯವ ನಿಚ್ಚಣಿಕೆ ಏರುತ್ತಿದ್ದಾನೆ! ಇದೇ, ಇದೇ, ಸಣಕಲ ಕೆಳಗೆ ಹಿಡಿದಿದ್ದಾನೆ, ಒಂದು ನೊಣ ಬಂತು, ಮೂಗಿನ ಮೇಲೆ ಕೂತಿತು, ಸಣಕಲ ಒಂದು ಕೈ ಬಿಟ್ಟ, ಓಡಿಸಿದ, ಮತ್ತೆ ಬಂತು, ಎರಡನೆಯ ಕೈಯನ್ನೂ — ಹಿಡಕೋ ಲೇ ಹಿಡಕೋ, ನಗೆಯ ಗದ್ದಲದಲ್ಲಿ ಯಾರೋ ಕೂಗಿದರು, ಅಯ್ಯೋ, ಕೂಗಿದ್ದು ಆಯಿ, ದಪ್ಪನೆಯವ ಗಾಳಿಯಲ್ಲಿ ಈಜಿದ, ಈಜಿ ಈಜಿ ಸುಣ್ಣದ ಹೊಂಡಕ್ಕೆ ಬಿದ್ದ, ಮುಖವೆಲ್ಲ ಬಿಳಿ, ಎರಡು ಕಣ್ಣು ಮಾತ್ರ ಪಿಳಿಪಿಳಿ, ಆಗ ಎಡಗಡೆಯ ದಪ್ಪ ತೋಳು ನಡುಗತೊಡಗಿತು, ಮೊದಲು ತೋಳು, ಆಮೇಲೆ ಹೆಗಲು, ಆಮೇಲೆ ಬೆಂಚೇ ಕುಲುಕಾಡಿತು, ಆಯಿ ನಗುತ್ತಿದ್ದಳು, ಎಂಟು ತಿಂಗಳ ನಗು ಬೇಲಿ ಮುರಿದ ದನದ ಹಾಗೆ ನುಗ್ಗಿಬರುತ್ತಿತ್ತು, ಕಣ್ಣೊರೆಸಿಕೊಳ್ಳುತ್ತ ಶಂಕ್ರೆವ್ವನ ಕಿವಿಗೆ ಅಂದಳು, ಪಾಪ ಅನಸ್ತೈತಿ ಬೇ, ಖರೆ ನಗಿ ತಡಿಯಾಕಾಗವಲ್ದು, ಅಂದವಳು ತಟ್ಟನೆ ಸುಮ್ಮನಾದಳು, ತನ್ನ ಮಾತನ್ನು ತಾನೇ ಇನ್ನೊಮ್ಮೆ ಕೇಳಿಸಿಕೊಂಡವಳ ಹಾಗೆ.

ಮತ್ತೆ ಅವರಿಬ್ಬರೂ ನಿಚ್ಚಣಿಕೆ ಎತ್ತಿದರು, ಬಿದ್ದವನು, ಬೀಳಿಸಿದವನು, ಈ ತುದಿಗೊಬ್ಬ, ಆ ತುದಿಗೊಬ್ಬ, ಅದೇ ಬಾಗಿಲಿಗೆ ನಡೆದರು, ಅಷ್ಟರಲ್ಲಿ ಚಿತ್ರ ಗಕ್ಕನೆ ನಿಂತಿತು, ಎತ್ತಿದ ಕಾಲು ಎತ್ತಿದಂತೆ, ನಿಚ್ಚಣಿಕೆಯ ನಡುವೆ ಒಂದು ಕಂದು ಚುಕ್ಕೆ ಹುಟ್ಟಿ ರೊಟ್ಟಿ ಸೀದ ಹಾಗೆ ಹರಡಿತು, ಪರದೆ ಬೆಳ್ಳಗಾಯಿತು, ಆಮೇಲೆ ಅದೂ ಆರಿ ಕತ್ತಲೆ, ರೀಲು ಕಟ್ಟಾತು ಎಂದು ಹಿಂದಿನ ಸಾಲಿನವರು ಗೊಣಗಿದರು, ಶಂಕ್ರೆವ್ವನ ಎದೆಯೂ ನಿಂತಿತು, ಈಗ ದೀಪ ಹಾಕುತ್ತಾರೆ, ಈಗ ಕಾಣುತ್ತದೆ, ಆಯಿ ಎದ್ದುಹೋಗುತ್ತಾಳೆ, ಕಥೆ ಇಲ್ಲಿಗೇ — ಆದರೆ ಆಯಿಯ ದನಿ ಕತ್ತಲಲ್ಲಿ ಗಟ್ಟಿಯಾಗಿ ಎದ್ದಿತು, ಓಣಿಯ ಮಕ್ಕಳನ್ನು ಗದರಿಸುವ ದನಿ, ನಿಲ್ಲದೇನ ಮಾಡೀತು? ಆವಾಗಿಂದ ನೋಡಾಕತ್ತೇನಿ, ಮುನ್ನೂರು ಮಂದಿ ಕುಂತಾರ, ಒಬ್ಬರರ ಹೂಂ ಅಂದ್ರೇನು? ಬರೇ ಹಲ್ಲ ಕಿಸದ್ರ ಕಥಿ ಮುಂದ ಹೋಗತೈತೇನ?

ಎಲ್ಲೋ ಒಂದು ಕೂಸು ಅತ್ತಿತು, ಶಂಕ್ರೆವ್ವನ ಬಲಗಡೆಯ ಕಡ್ಡಿಯಂಥ ತೋಳು ಬಿಗಿಯಾಯಿತು, ಆ ದನಿಯನ್ನು ಅದು ಗುರುತು ಹಿಡಿದಿತ್ತು, ಉಸಿರೆಳೆದುಕೊಂಡಿತು, ಬಿಟ್ಟಿತು, ಮತ್ತೆ ಎಳೆದುಕೊಂಡಿತು, ಅನ್ನು, ರೋಶನಬಿ ಆಯಿ, ಅನ್ನು, ನನ್ನ ಆಣೆ ನಿನ್ನ ಗಂಟಲಲ್ಲಿದೆ — ಹೂಂ.

ಸಣ್ಣ, ಒಣಗಿದ, ನಲವತ್ತು ವರ್ಷ ಹಳೆಯ ಹೂಂ, ಅದರ ಬೆನ್ನಿಗೇ ಮೇಲೆ ಯಂತ್ರ ಗರಗರ ಎಂದಿತು, ಬೆಳಕಿನ ಕೋಲು ಚಾಚಿಕೊಂಡಿತು, ಪರದೆಯ ಮೇಲೆ ಇಬ್ಬರೂ ಎತ್ತಿದ ಕಾಲು ಊರಿ ನಡೆದರು, ನೋಡಿದೇನ ಎಂದು ಆಯಿ ಅನ್ನಬೇಕಿತ್ತು, ಅನ್ನಲಿಲ್ಲ, ಆ ಹೂಂ ಯಾರದೆಂದು ಅವಳಿಗೆ ಮುಖ ನೋಡಿ ತಿಳಿಯಬೇಕೆ, ತಿರುಗಿಯೂ ನೋಡಲಿಲ್ಲ, ಪರದೆಯನ್ನೇ ನೋಡುತ್ತ ಮೆಲ್ಲಗೆ, ಅಂಗಳದಲ್ಲಿ ಕಾಲು ಚಾಚಿ ಕೂತವಳ ಹಾಗೆ, ಶುರುಮಾಡಿದಳು, ಆ ದಪ್ಪನ್ನಾಂವ ನಿಚ್ಚಣಿಕಿ ಹತ್ತಿದ್ನಂತ.

ಹೂಂ.

ಸಣ್ಣಾಂವ ತೆಳಗ ಹಿಡಕೊಂಡಿದ್ನಂತ.

ಹೂಂ.

ಹಿಡಕೊಂಡಾಂವ ಬಿಟ್ನಂತ.

ಹೂಂ ಬರಲಿಲ್ಲ, ಹೆಂಗಸರು ಯಾವುದಕ್ಕೋ ನಗುತ್ತಿದ್ದರು, ಕಥೆ ಮುಂದೆ ಹೋಗದು, ಹಿಂದೆಯೂ ಬಾರದು, ಬಾಗಿಲಲ್ಲಿ ಅಡ್ಡಲಾಗಿ — ಬಿಟ್ಟ ಬೇ ಬಸವ್ವಾ, ಅಂದಿತು ಬಲಗಡೆಯ ಕತ್ತಲೆ, ಬಿಟ್ಟ, ನಕ್ಕೂ ನಕ್ಕ, ಆಮ್ಯಾಲೆ ಎಂಟು ತಿಂಗಳು ನಗಲಿಲ್ಲ, ಹೂಂ.

ಶಂಕ್ರೆವ್ವ ಬೆನ್ನನ್ನು ಬೆಂಚಿಗೆ ಒತ್ತಿ ಹಿಂದೆ ಸರಿದಳು, ಅವಳ ಮಡಿಲ ಮೇಲಿಂದ ಒಂದು ದಪ್ಪ ಕೈ ಹಾದುಹೋಯಿತು, ಒಂದು ಒಣ ಕೈ ಎದುರಿಗೆ ಬಂತು, ಏಳನೇ ಹೆಂಡತಿ ಇನ್ನೂ ಭಾವ್ಯಾಗ ಅದಾಳ ಬಸವ್ವಾ, ಗೊತ್ತೈತಿ ಸುಮ್ಕಿರ, ಮೊದಲ ಇವರದೊಂದ ಮುಗೀಲಿ, ಮಾತು ಉಳಿಯಿತು, ಬಬಲೇಶ್ವರ ಇನ್ನು ಎಷ್ಟು ದೂರವಿದ್ದರೇನು, ಕೊಟ್ಟ ಮಾತು ಉಳಿಯಿತು, ಎದುರಿಗೆ ಬೆಳಕಿನಲ್ಲಿ ಬಾಗಿಲು, ಬಾಗಿಲಲ್ಲಿ ನಿಚ್ಚಣಿಕೆ, ಈ ತುದಿಗೊಬ್ಬ, ಆ ತುದಿಗೊಬ್ಬ, ಬಿಡದೆ ಹಿಡಿದು.