ಪಿನೋಲೆ ಕುಡಿದ ಮೇಲೆ ಸಿಳ್ಳೆ

ಬೆಳಗ್ಗೆ ಏಳೂವರೆ ಆಗಿತ್ತು. ಜಪಾನಿನ ನಗೋಯಾದ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ವೇದವಲ್ಲಿ ಕುಕ್ಕರುಗಾಲಲ್ಲಿ ಕೂತು ಕಿವಿ ನಿಮಿರಿಸಿಕೊಂಡಿದ್ದಳು. ಪಕ್ಕದ ಮನೆಯಿಂದ ಒಂದು ಸಿಳ್ಳೆ ಕೇಳಬೇಕಿತ್ತು. ಕೇಳಲಿಲ್ಲ.

ಪಕ್ಕದ ಮನೆಯವಳು ಚೆಲೋ. ಮೆಕ್ಸಿಕೋದವಳು, ವಲ್ಲಿಯ ಲ್ಯಾಬಿನಲ್ಲೇ ಕೆಲಸ, ಬಾಯಿ ತೆರೆದರೆ ಮುಚ್ಚುವ ಪೈಕಿಯಲ್ಲ. ಐದು ದಿನದಿಂದ ಕೊರೋನಾ ಹಿಡಿದು ಒಬ್ಬಳೇ ಮಲಗಿದ್ದಾಳೆ. ೨೦೨೧ರ ಆಗಸ್ಟು, ಆಸ್ಪತ್ರೆಯಲ್ಲಿ ಹಾಸಿಗೆ ಎಲ್ಲಿಂದ ಬರಬೇಕು? ಫೋನು ಮಾಡಿದರೆ "ಸುಮಿಮಾಸೆನ್, ಮನೆಯಲ್ಲೇ ಇರಿ" ಅಂದರು. ಸುಮಿಮಾಸೆನ್ ಅಂತೆ, ಕ್ಷಮಿಸಬೇಕಂತೆ!

ಚೆಲೋ ಗಂಟಲಲ್ಲಿ ಇಳಿಯುತ್ತಿದ್ದದ್ದು ಪಿನೋಲೆ ಗಂಜಿ ಒಂದೇ. ಮೆಕ್ಕೆಜೋಳ ಹುರಿದು ಬೀಸಿ, ಚಕ್ಕೆ ಪುಡಿ, ಸಕ್ಕರೆ ಬೆರೆಸಿದ ಹಿಟ್ಟು. ಅವರೂರಲ್ಲಿ ದೂರ ಓಡುವವರು ಅದನ್ನೇ ನೀರಿಗೆ ಕಲಸಿ ಕುಡಿಯುತ್ತಾರೆ, ಕಾಯಿಲೆಯವರಿಗೆ ಹಾಲಲ್ಲಿ ಕಾಯಿಸಿ ಕೊಡುತ್ತಾರೆ. "ಅಯ್ಯೋ, ಇದು ನಮ್ಮ ಹುರಿಹಿಟ್ಟೇ ಕಣೇ!" ಎಂದು ವಲ್ಲಿ ಮೊದಲ ಸಲ ಒಂದು ಹಿಡಿ ಒಣದನ್ನೇ ಬಾಯಿಗೆ ಸುರಿದುಕೊಂಡು, ನೆತ್ತಿಗೆ ಹತ್ತಿ ಕೆಮ್ಮಿದ್ದಳು. ಚೆಲೋ ಬಿದ್ದು ಬಿದ್ದು ನಕ್ಕಿದ್ದಳು. "ಪಿನೋಲೆ ತಿನ್ನೋದು, ಸಿಳ್ಳೆ ಹೊಡೆಯೋದು ಎರಡೂ ಒಟ್ಟಿಗೆ ಆಗಲ್ಲ. ನಮ್ಮಲ್ಲಿ ಗಾದೆ."

ಆ ಗಾದೆಯಿಂದಲೇ ಒಪ್ಪಂದ. ಎರಡು ಬಾಲ್ಕನಿಗಳ ನಡುವೆ ತೆಳು ಹಲಗೆ. ಅದರಡಿಯ ಸಂದಿಯಲ್ಲಿ ವಲ್ಲಿ ಬಟ್ಟಲು ತಳ್ಳುವುದು, ಚೆಲೋ ಕುಡಿದು ಮುಗಿಸಿ ಒಂದು ಸಿಳ್ಳೆ ಹಾಕುವುದು. "ನೀನೂ ಹೊಡಿಯೇ" ಅಂದರೆ ವಲ್ಲಿ, "ಹೆಣ್ಣುಮಕ್ಕಳು ಸಿಳ್ಳೆ ಹೊಡೆದರೆ ನಮ್ಮಜ್ಜಿ ಬೆನ್ನಿಗೆ ಬಿಡೋಳು" ಎಂದು ಜಾರಿಕೊಳ್ಳುತ್ತಿದ್ದಳು.

ಇವತ್ತು ಏಳಕ್ಕೆ ಬಟ್ಟಲು ಆಚೆ ಹೋಗಿತ್ತು. ಆಚೆಯ ಕೈ ತಡಕಾಡಿ ಅದನ್ನು ಎಳೆದುಕೊಂಡಿತ್ತು. ಬಾಯಲ್ಲಿ ಗಂಜಿ ಇರಬೇಕು, ಸಿಳ್ಳೆ ಹೇಗೆ ಬಂದೀತು ಎಂದು ವಲ್ಲಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹತ್ತು ನಿಮಿಷ. ಇಪ್ಪತ್ತು. ಕೂಗಿದರೆ ಓಗೊಡಲಿಲ್ಲ, ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಹಾಳು ಗಾದೆ, ಅದನ್ನು ನಂಬಿ ಅರ್ಧ ಗಂಟೆ ಕೂತೆನಲ್ಲ!

ಅಪಾಯವಾದರೆ ಒಡೆದು ದಾಟಿ ಎಂದು ಹಲಗೆಯ ಮೇಲೇ ಬರೆದಿತ್ತು. ದಾಟಿದರೆ ನಾಳೆ ತಾನೂ ಹೀಗೇ ಒಬ್ಬಳೇ ಬಿದ್ದಿರಬೇಕು, ಗಂಜಿ ತಳ್ಳುವವರೂ ಇಲ್ಲ. ಆದರೂ ಎರಡು ಮಾಸ್ಕು ಬಿಗಿದು, "ತಾಯಿ ಚಾಮುಂಡಿ, ಕಾಪಾಡು" ಎಂದು ಒದ್ದಳು. ಮೂರನೇ ಒದೆತಕ್ಕೆ ಹಲಗೆ ಮುರಿಯಿತು.

ಚೆಲೋ ಬಾಲ್ಕನಿಯ ಹೊಸ್ತಿಲಲ್ಲೇ ಬಿದ್ದಿದ್ದಳು. ತುಟಿ ನೀಲಿ. ಗಂಜಿ ಪೂರ್ತಿ ಚೆಲ್ಲಿತ್ತು, ಒಂದು ಗುಟುಕೂ ಕುಡಿದಿರಲಿಲ್ಲ. ಉಸಿರು ಮಾತ್ರ ಸಣ್ಣಗೆ ಆಡುತ್ತಿತ್ತು.

ವಲ್ಲಿ ಕರೆಸಿದ ಆಂಬುಲೆನ್ಸಿನವರು ಬಂದು ಆಕ್ಸಿಜನ್ ಹಾಕಿ, ಆಸ್ಪತ್ರೆ ಆಸ್ಪತ್ರೆಗೂ ಫೋನು ಮಾಡಿದರು. ಆರನೆಯದು ಒಪ್ಪಿತು. ಸ್ಟ್ರೆಚರಿನ ಮೇಲೆ ಚೆಲೋ ಅರೆಗಣ್ಣು ತೆರೆದು, ವಲ್ಲಿಯ ಕಡೆ ತುಟಿ ಚೂಪು ಮಾಡಿದಳು. ಸದ್ದು ಬರಲಿಲ್ಲ.

ವಲ್ಲಿ ಬಾಲ್ಕನಿಗೆ ಓಡಿದಳು. ಕೆಳಗೆ ಗಾಡಿಯ ಬಾಗಿಲು ಇನ್ನೂ ಮುಚ್ಚಿರಲಿಲ್ಲ. ಮಾಸ್ಕು ಕೆಳಗೆಳೆದು, ಹುಟ್ಟಿದಾಗಿನಿಂದ ಹೊಡೆಯದ ಸಿಳ್ಳೆ ಹೊಡೆದಳು. ಮೊದಲು ಬರೀ ಗಾಳಿ, ಆಮೇಲೆ ಒಡಕು ಸದ್ದು. ಚೆಲೋಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಗಾಡಿ ತಿರುವು ದಾಟಿ ಸೈರನ್ನು ಅಡಗಿದ ಮೇಲೂ ವಲ್ಲಿ ಸಿಳ್ಳೆ ಹೊಡೆಯುತ್ತಲೇ ಇದ್ದಳು.