ಒಂದನೇ ಕ್ಲಾಸಿನವರು ತೋರಿಸಿದ ಶಾಲೆ

೧೯೮೪ರಲ್ಲಿ ಕೊಯಮತ್ತೂರಿನಲ್ಲಿ ಎಂ.ಎಡ್. ಓದುತ್ತಿದ್ದ ಪೆರಿಯನಾಯಕಿ, ಶಾಲೆ ಹೇಗಿದೆಯೆಂದು ಒಂದನೇ ಕ್ಲಾಸಿನ ಮಕ್ಕಳನ್ನೇ ಕೇಳಿ ಪ್ರಬಂಧ ಬರೆಯುತ್ತೇನೆ ಎಂದಾಗ ಪ್ರೊಫೆಸರ್ ಗೋಪಾಲಸಾಮಿ ನಕ್ಕುಬಿಟ್ಟರು. "ಮೂಗು ಒರೆಸಿಕೊಳ್ಳಲು ಬಾರದವು ಏನು ಹೇಳ್ತವಮ್ಮ? ಮೇಷ್ಟ್ರುಗಳನ್ನ ಕೇಳು."

ಅವಳು ಹಟ ಬಿಡದೆ ಪಲ್ಲಡಂ ಹತ್ತಿರದ ನೇಕಾರರ ಊರಿನ ಶಾಲೆಗೆ ಬಂದಳು. ಎರಡು ದಿನ ತಮಿಳಿನಲ್ಲಿ ಕೇಳಿದಳು. ಏನು ಕೇಳಿದರೂ ಮೂವತ್ತನಾಲ್ಕು ಮಕ್ಕಳದೂ ಒಂದೇ ರಾಗ: "ನಲ್ಲಾ ಇರುಕ್ಕು," ಚೆನ್ನಾಗಿದೆ. ಹೆಡ್‌ಮಾಸ್ಟರ್ ವೆಂಕಟಾಚಲಂ ಮಾತ್ರ ಗೊಣಗಿದರು: "ಮಧ್ಯಾಹ್ನ ಊಟಕ್ಕೆ ಬಿಟ್ಟರೆ ಅರ್ಧ ಕ್ಲಾಸು ವಾಪಸ್ ಬರಲ್ಲ. ಓದಿನ ಆಸೆಯೇ ಇಲ್ಲ."

ಮೂರನೆಯ ದಿನ ಅವಳು ಮಕ್ಕಳ ನಡುವೆ ನೆಲದ ಮೇಲೆ ಕೂತಳು. ಸಾಮಿಯಾತಾಳ್ ಎಂಬ ಆರು ವರ್ಷದ ಹುಡುಗಿ ಪಕ್ಕದವಳ ಕಿವಿಯಲ್ಲಿ, "ಈ ಅಕ್ಕ ಕೇಳಿದ್ನೇ ಕೇಳ್ತಾವ್ಳೆ" ಅಂದಳು.

ಆ ಕಡೆಯ ನೇಕಾರರು ಮನೆಯೊಳಗೆ ಆಡುವ ಕನ್ನಡ! ಪೆರಿಯನಾಯಕಿಯ ಎದೆ ಜಿಗಿಯಿತು. "ಬೇರೆ ಏನ್ ಕೇಳ್ಬೇಕು, ನೀನೇ ಹೇಳವ್ವ."

ಹುಡುಗಿ ಕಣ್ಣರಳಿಸಿದಳು. "ನೀವೂ ನಮ್ ಮಾತು ಆಡ್ತೀರಾ?"

"ನಮ್ದೂ ಮಗ್ಗದ ಮನೇನೇ."

"ಅಂಗಾರೆ ಬನ್ನಿ, ತೋರಿಸ್ತೀನಿ."

ಇಡೀ ಕ್ಲಾಸು ಹಿಂದೆ ಹೊರಟಿತು. ಜಗಲಿಯ ಎತ್ತರದ ಕಲ್ಲುಕಟ್ಟೆಯ ಮೇಲೆ ಪಾನೆ, ಕುಡಿಯುವ ನೀರಿನ ಮಣ್ಣಿನ ಮಡಕೆ, ಇತ್ತು. ಸಾಮಿಯಾತಾಳ್ ತುದಿಗಾಲಲ್ಲಿ ನಿಂತು ಕೈಚಾಚಿದಳು. ಬೆರಳು ಪಾನೆಯ ಬುಡವನ್ನೂ ಮುಟ್ಟಲಿಲ್ಲ.

"ನಮ್ಗೆ ಎಟ್ಕಾದಿಲ್ಲ. ದೊಡ್ಡೋರ್ನ ಕೇಳಿದ್ರೆ ತಲೆ ಮೇಲೆ ಹುಯ್ತಾರೆ. ಅದ್ಕೇ ತಣ್ಣಿ ಕುಡಿಯಾಕೆ ಮನೆಗೆ ಓಯ್ತೀವಿ. ಮನೆಗೆ ಓದ್ರೆ ಅವ್ವ ತಿರ್ಗಾ ಬುಡಾದಿಲ್ಲ, ನೂಲು ಸುತ್ತು ಅಂತಾಳೆ."

ಸದ್ದು ಕೇಳಿ ಬಂದ ಹೆಡ್‌ಮಾಸ್ಟರಿಗೆ ಪೆರಿಯನಾಯಕಿ ಆ ಮಾತನ್ನು ಒಂದಕ್ಷರ ಬಿಡದೆ ತಮಿಳಿನಲ್ಲಿ ಹೇಳಿದಳು. ಹನ್ನೊಂದು ವರ್ಷದಿಂದ ಅದೇ ಪಾನೆಯ ನೀರು ಕುಡಿಯುತ್ತಿದ್ದವರು ಅವರು. ಮಂಡಿಯೂರಿ, ಮಗುವಿನ ಎತ್ತರದಿಂದ ಪಾನೆಯನ್ನು ನೋಡಿದರು. ಮರುದಿನ ಒಂದನೇ ಕ್ಲಾಸಿನ ಬಾಗಿಲಲ್ಲಿ, ನೆಲದ ಮೇಲೆ, ಪುಟ್ಟದೊಂದು ಪಾನೆ ಬಂತು.

ವಾರ ಕಳೆಯುವುದರೊಳಗೆ ಮಧ್ಯಾಹ್ನದ ಹಾಜರಿ ಮೂವತ್ತೊಂದಕ್ಕೆ ಏರಿತು. ನಂಬದ ಪ್ರೊಫೆಸರ್ ತಾವೇ ಟೌನ್ ಬಸ್ ಹತ್ತಿ ಬಂದರು, ರಿಜಿಸ್ಟರ್ ಎರಡು ಸಲ ತಿರುವಿದರು, ಆಮೇಲೆ ಪಂಚೆ ಮಡಿಸಿ ನೆಲದ ಮೇಲೆ ಕೂತರು.

"ಅದು ನಮ್ ಕ್ಲಾಸಿನ ಅಂಗಪ್ಪನ್ ಜಾಗ," ಅಂದಳು ಸಾಮಿಯಾತಾಳ್. "ಅತ್ಲಾಗೆ ಸರೀರಿ."

ಪೆರಿಯನಾಯಕಿ ನಗು ತಡೆದು ತಮಿಳಿನಲ್ಲಿ ತಿಳಿಸಿದಳು. ಪ್ರೊಫೆಸರ್ ಅತ್ತ ಸರಿದು, ಜೇಬಿನಿಂದ ಪೆನ್ನು ತೆಗೆದರು. "ಇನ್ನೇನೇನು ಗೊತ್ತು ಇವಳಿಗೆ, ಕೇಳಮ್ಮ. ನಾನು ಬರೆದುಕೊಳ್ತೀನಿ."